ಬಿದ್ದರೆ ನೋಯಬೇಕು

ಹೊಡೆದಾಟದ ಸಿನಿಮಾ ನೋಡಿದರೆ ಮಕ್ಕಳು ಕೆಡುತ್ತಾರೆ, ಕಥೆ ಪುಸ್ತಕ ಹಿಡಿದರೆ ಅಂಕ ಇಳಿಯುತ್ತದೆ. ಈ ಎರಡು ಮಾತು ಮಧ್ಯಮ ವರ್ಗದ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಆಸ್ತಿಯಂತೆ ಇಳಿದು ಬಂದಿದೆ. ಹಾಗೆ ಹೇಳುವ ಎಷ್ಟೋ ಅಪ್ಪಂದಿರು ಒಂದು ಕಾಲಕ್ಕೆ ಟೆಂಟಿನ ಮರಳಿನ ಮೇಲೆ ಕೂತು ಶಿಳ್ಳೆ ಹೊಡೆದವರೇ ಎಂಬುದು ಬೇರೆ ಮಾತು. ಅವರ ಆತಂಕ ಸುಳ್ಳಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಸ್ವಲ್ಪ ಬೇರೆ. ಚಿತ್ರದಲ್ಲಿ ಹೊಡೆದಾಟ ಇದೆಯೇ ಎಂಬುದಕ್ಕಿಂತ, ಹೊಡೆತ ತಿಂದವನಿಗೆ ನೋವಾಗುತ್ತದೆಯೇ ಎಂದು ಕೇಳಿದರೆ ಒಳ್ಳೆಯ ಸಾಹಸ ಚಿತ್ರ ಯಾವುದು, ಬರೀ ಗದ್ದಲ ಯಾವುದು ಎಂಬುದು ಬೇಗ ತಿಳಿಯುತ್ತದೆ.

2022ರಲ್ಲಿ ಬಂದ 'ಟಾಪ್ ಗನ್: ಮೇವರಿಕ್' ಚಿತ್ರವನ್ನೇ ನೋಡಿ. ಕಥೆ ಹೊಸತೇನಲ್ಲ, ಮುಂದೇನಾಗುತ್ತದೆಂದು ಅರ್ಧ ಗಂಟೆಯಲ್ಲೇ ಊಹಿಸಬಹುದು. ಆದರೂ ಕಣ್ಣು ಕೀಳಲಾಗುವುದಿಲ್ಲ. ಕಾರಣ ನಟರ ಮುಖಗಳು. ಅವರನ್ನು ನಿಜವಾದ ಯುದ್ಧವಿಮಾನಗಳ ಹಿಂದಿನ ಆಸನದಲ್ಲಿ ಕೂರಿಸಿ, ನೌಕಾಪಡೆಯ ಪೈಲಟ್‌ಗಳಿಂದ ವಿಮಾನ ಓಡಿಸಿ ಚಿತ್ರೀಕರಿಸಿದ್ದಾರೆ. ವಿಮಾನ ರಭಸದಿಂದ ತಿರುಗಿದಾಗ ದೇಹದ ಮೇಲೆ ಗುರುತ್ವದ ಹಲವು ಪಟ್ಟು ಬಲ ಬೀಳುತ್ತದೆ. ಏಳು ಪಟ್ಟು ಎಂದಿಟ್ಟುಕೊಂಡರೆ, 50 ಕಿಲೋ ತೂಗುವ ಹುಡುಗ ಆ ಕ್ಷಣಕ್ಕೆ 350 ಕಿಲೋ ಆದಂತೆ. ರಕ್ತ ಕಾಲಿನ ಕಡೆಗೆ ಇಳಿಯುತ್ತದೆ, ಮಿದುಳಿಗೆ ಸಾಲದಾಗುತ್ತದೆ, ಕಣ್ಣು ಮಂಜಾಗುತ್ತದೆ. ಜೋತುಬಿದ್ದ ಕೆನ್ನೆ, ಏದುಸಿರು ಇವೆಲ್ಲ ಅಲ್ಲಿ ಅಭಿನಯವಲ್ಲ. ವೃತ್ತೀಯ ಚಲನೆಯ ಪಾಠವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಬರೆದರೂ ಮುಖ ಮುರಿಯುವ ಹುಡುಗರು ಅದೇ ಪಾಠವನ್ನು ಟಿಕೆಟ್ ಕೊಟ್ಟು ನೋಡಿ ಬಂದರು.

'ಮಿಷನ್ ಇಂಪಾಸಿಬಲ್: ಫಾಲ್‌ಔಟ್' (2018) ಇನ್ನೂ ಪ್ರಾಮಾಣಿಕ. 2017ರ ಆಗಸ್ಟ್‌ನಲ್ಲಿ ಲಂಡನ್ನಿನ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾರುವಾಗ ಟಾಮ್ ಕ್ರೂಸ್ ಅವರ ಕಾಲಿನ ಹರಡು ಮುರಿಯಿತು. ಆಗ ಅವರ ವಯಸ್ಸು 55. ಮೈಗೆ ಸುರಕ್ಷೆಯ ತಂತಿ ಕಟ್ಟಿದ್ದರೂ ಕಾಲು ಗೋಡೆಗೆ ಬಡಿಯುವುದು ತಪ್ಪಲಿಲ್ಲ. ಚಿತ್ರೀಕರಣ ವಾರಗಟ್ಟಲೆ ನಿಂತಿತು. ಆ ದೃಶ್ಯವನ್ನು ಕತ್ತರಿಸದೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಆತ ಎದ್ದು ಕುಂಟುತ್ತಾ ಓಡುವುದು ಪರದೆಯ ಮೇಲೆ ಕಾಣುತ್ತದೆ. ಹತ್ತು ಜನರನ್ನು ಹೊಡೆದುರುಳಿಸಿ, ಕೂದಲೂ ಕೆದರದೆ ಹಾಡಿಗೆ ಹೋಗುವ ನಾಯಕರನ್ನು ನೋಡಿ ಬೆಳೆದ ಕಣ್ಣಿಗೆ ಆ ಕುಂಟು ನಡೆ ಒಂದು ಔಷಧ.

ಹಾಗೆಂದು ಅಸಾಧ್ಯವಾದದ್ದೆಲ್ಲ ಕೆಟ್ಟದ್ದಲ್ಲ. ರಾಯಚೂರಿನಲ್ಲಿ ಹುಟ್ಟಿದ ಎಸ್.ಎಸ್. ರಾಜಮೌಳಿಯವರ 'ಆರ್‌ಆರ್‌ಆರ್' (2022) ಚಿತ್ರದ ಸೇತುವೆಯ ದೃಶ್ಯದಲ್ಲಿ ಒಬ್ಬ ಬೈಕಿನಲ್ಲಿ, ಇನ್ನೊಬ್ಬ ಕುದುರೆಯ ಮೇಲೆ ಬಂದು, ಒಂದೇ ಹಗ್ಗದ ಎರಡು ತುದಿಗಳನ್ನು ಹಿಡಿದು ಸೇತುವೆಯ ಎರಡು ಬದಿಯಿಂದ ಹಾರುತ್ತಾರೆ. ಕೆಳಗೆ ಬೆಂಕಿಯ ನಡುವೆ ಒಬ್ಬ ಹುಡುಗ. ಹಗ್ಗ ಬಿಗಿಯಾದ ಕ್ಷಣದ ಜಗ್ಗಿಗೆ ತೋಳುಗಳೆರಡೂ ಕಳಚಿ ಬರಬೇಕಿತ್ತು ಎಂದು ವಿಜ್ಞಾನ ಹೇಳುತ್ತದೆ. ಆದರೆ ದೃಶ್ಯಕ್ಕೆ ತನ್ನದೇ ಆದ ನಿಯಮವಿದೆ: ಎರಡು ಲೋಲಕಗಳು ತೂಗಿ ಮಧ್ಯದಲ್ಲಿ ಸೇರಬೇಕು. ಸೇರುತ್ತವೆ. ಯಾರ ತೂಕ ಎಷ್ಟಾದರೂ, 10 ಮೀಟರ್ ಉದ್ದದ ಲೋಲಕ ಒಮ್ಮೆ ತೂಗಿ ಮರಳಲು ಸುಮಾರು ಆರೂಕಾಲು ಸೆಕೆಂಡು ಬೇಕು ಎಂಬುದನ್ನು ಮನೆಗೆ ಬಂದು ಲೆಕ್ಕ ಹಾಕಿದರೆ ಸಂತೋಷ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಪುರಾಣದ ಹನುಮಂತ ಸಮುದ್ರ ಹಾರಿದಾಗ ಯಾರೂ ವೇಗ ಕೇಳಲಿಲ್ಲ. ಇದೂ ಅದೇ ಜಾತಿಯ ಕಥೆ.

ಆದರೆ ಪುರಾಣವನ್ನು ಮೈಮೇಲೆ ಎಳೆದುಕೊಂಡಾಗ ಏನಾಗುತ್ತದೆ ಎಂಬುದನ್ನು ಕನ್ನಡಿಗರು ಮರೆಯುವ ಹಾಗಿಲ್ಲ. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಎಂಬ ಇಬ್ಬರು ನಟರು ಮತ್ತೆ ಮೇಲೆ ಬರಲಿಲ್ಲ. ನೀರು ಮೆತ್ತಗಿದೆ ಎಂಬುದು ಕಣ್ಣಿನ ನಂಬಿಕೆ. 20 ಮೀಟರ್ ಎತ್ತರದಿಂದ ಬಿದ್ದವನು ಎರಡೇ ಸೆಕೆಂಡಿನಲ್ಲಿ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ನೀರನ್ನು ತಾಕುತ್ತಾನೆ. ಆ ವೇಗದಲ್ಲಿ ನೀರು ಪಕ್ಕಕ್ಕೆ ಸರಿದು ದಾರಿ ಕೊಡುವಷ್ಟು ಹೊತ್ತು ಇರುವುದಿಲ್ಲ. ಮೊಬೈಲಿನಲ್ಲಿ ವಿಡಿಯೋ ಮಾಡುವುದಕ್ಕೆಂದು ಕೆರೆ, ಜಲಪಾತಗಳ ಅಂಚಿಗೆ ಹೋಗುವ ಹುಡುಗರಿಗೆ ನೀತಿಬೋಧೆಗಿಂತ ಈ ಲೆಕ್ಕವನ್ನು ಮಾಡಿಸುವುದು ಮೇಲು.

ಸಿನಿಮಾ ಎರಡೂವರೆ ಗಂಟೆಯಲ್ಲಿ ಮುಗಿಯಬೇಕು. ಪೆಟ್ಟು ತಿಂದವನ ಮರುದಿನವನ್ನು ತೋರಿಸಲು ಅದಕ್ಕೆ ಪುರುಸೊತ್ತಿಲ್ಲ. ಆ ಕೆಲಸ ಕಾದಂಬರಿಯದು. ಸುಜಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' (2008) ಹೆಸರು ಕೇಳಿದರೆ ಪಾಲಕರು ಹೌಹಾರಬಹುದು: 24 ಮಕ್ಕಳನ್ನು ಒಂದು ಬಯಲಿಗೆ ಬಿಟ್ಟು, ಒಬ್ಬರು ಉಳಿಯುವ ತನಕ ಕಾದಾಡಿಸಿ, ಅದನ್ನು ಟೀವಿಯಲ್ಲಿ ತೋರಿಸುವ ಕಥೆ. ಆದರೆ ಬಿಲ್ಲು ಹಿಡಿದ ಹದಿನಾರರ ಕ್ಯಾಟ್ನಿಸ್ ಗೆದ್ದ ಮೇಲೂ ನೆಮ್ಮದಿಯಾಗಿ ನಿದ್ದೆ ಮಾಡುವುದಿಲ್ಲ. ಮೂರು ಸಂಪುಟಗಳ ಉದ್ದಕ್ಕೂ ಸತ್ತವರು ಅವಳ ಕನಸಿಗೆ ಬರುತ್ತಾರೆ. ಮೂರನೆಯದು ಸ್ವಲ್ಪ ಎಳೆದಂತಾಗಿದೆ. ಎಂಟನೇ ತರಗತಿಯ ಕೆಳಗಿನವರಿಗೆ ಬೇಡ.

ಕನ್ನಡದಲ್ಲಿ ಈ ವಯಸ್ಸಿನವರ ಕಪಾಟು ಇನ್ನೂ ಬಡಕಲು. ಪುಟ್ಟ ಮಕ್ಕಳಿಗೆ ಪದ್ಯಗಳಿವೆ, ದೊಡ್ಡವರಿಗೆ ಬೃಹತ್ ಕಾದಂಬರಿಗಳಿವೆ, ನಡುವಿನವರು ಅನಾಥರು. ಸದ್ಯಕ್ಕೆ ತೇಜಸ್ವಿಯವರೇ ಗತಿ, ಮತ್ತು ಅದೇನು ಸಣ್ಣ ಗತಿಯಲ್ಲ. 'ಕರ್ವಾಲೊ' (1980), 'ಜುಗಾರಿ ಕ್ರಾಸ್' (1994) ಮಕ್ಕಳಿಗೆಂದೇ ಬರೆದವಲ್ಲ. ಆದರೆ ಊರವರ ಕಣ್ಣಿಗೆ ನಿಷ್ಪ್ರಯೋಜಕನಾದ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬರು ಹುಟ್ಟು ಜೀವಶಾಸ್ತ್ರಜ್ಞನನ್ನು ಕಾಣುವುದನ್ನು, ಫೇಲಾದ ಹುಡುಗನೂ ಅವನ ತಂದೆಯೂ ಒಟ್ಟಿಗೆ ಓದಬೇಕು.

ಇತ್ತೀಚೆಗೆ ಓದಿದವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಡುವುದು ಅಮೆರಿಕದ ಗ್ಯಾರಿ ಪಾಲ್ಸನ್ ಅವರ 'ಹ್ಯಾಚೆಟ್' (1987). ಸಣ್ಣ ಪುಸ್ತಕ, ಸರಳ ಇಂಗ್ಲಿಷ್. ತಂದೆ ತಾಯಿ ಬೇರೆಯಾದ ನೋವಿನಲ್ಲಿರುವ 13 ವರ್ಷದ ಬ್ರಯನ್, ತಂದೆಯನ್ನು ನೋಡಲು ಪುಟ್ಟ ವಿಮಾನದಲ್ಲಿ ಹೊರಟಿದ್ದಾನೆ. ಪೈಲಟ್‌ಗೆ ಹೃದಯಾಘಾತ. ವಿಮಾನ ಕೆನಡಾದ ಕಾಡಿನ ಸರೋವರಕ್ಕೆ ಬೀಳುತ್ತದೆ. ಹುಡುಗನ ಸೊಂಟದಲ್ಲಿರುವುದು ತಾಯಿ ಕೊಟ್ಟ ಕೈಕೊಡಲಿ ಒಂದೇ. ಕತ್ತಲಲ್ಲಿ ಮುಳ್ಳುಹಂದಿಯತ್ತ ಎಸೆದ ಕೊಡಲಿ ಬಂಡೆಗೆ ತಾಗಿ ಕಿಡಿ ಹಾರುತ್ತದೆ. ಮರುದಿನ ಹುಲ್ಲು, ಕಡ್ಡಿ, ಕೊನೆಗೆ ಜೇಬಿನ ಡಾಲರ್ ನೋಟನ್ನೂ ಹರಿದಿಟ್ಟರೂ ಬೆಂಕಿ ಹತ್ತುವುದಿಲ್ಲ. ಮರದ ತೊಗಟೆಯನ್ನು ಕೂದಲೆಳೆಯಷ್ಟು ತೆಳ್ಳಗೆ ಸೀಳಿಡುತ್ತಾನೆ. ಕಿಡಿ ಬಿದ್ದು ಆರುತ್ತದೆ. ಬೆಂಕಿಗೆ ಗಾಳಿ ಬೇಕೆಂಬುದು ಆಗ ನೆನಪಾಗುತ್ತದೆ. ಊದುತ್ತಾನೆ.

ಮೀನಿನ ಪ್ರಸಂಗವಂತೂ ವಿಜ್ಞಾನದ ಪುಸ್ತಕಕ್ಕೇ ಸೇರಬೇಕಾದದ್ದು. ಬಾಣ ಬಿಟ್ಟರೂ ಬಿಟ್ಟರೂ ಮೀನಿಗೆ ತಾಗುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಶಾಲೆಯ ಪಾಠ ಹೊಳೆಯುತ್ತದೆ: ವಕ್ರೀಭವನ. ನೇರ ಮೇಲಿನಿಂದ ನೋಡಿದರೂ ಒಂದು ಮೀಟರ್ ಆಳದಲ್ಲಿರುವ ಮೀನು ಮುಕ್ಕಾಲು ಮೀಟರ್ ಆಳದಲ್ಲಿ ಇದ್ದಂತೆ ಕಾಣುತ್ತದೆ. ಕಂಡ ಜಾಗಕ್ಕಿಂತ ಕೆಳಗೆ ಗುರಿಯಿಡುತ್ತಾನೆ, ಊಟ ಸಿಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಅಂಕಕ್ಕೆ ಬಾಯಿಪಾಠ ಮಾಡುವ ಸಂಗತಿಗೆ ಇಲ್ಲಿ ಪ್ರಾಣದ ಬೆಲೆ. ಪಾಲ್ಸನ್ ಎಲ್ಲಿಯೂ ರಿಯಾಯಿತಿ ಕೊಡುವುದಿಲ್ಲ. ಗುರುತಿಲ್ಲದ ಹಣ್ಣು ತಿಂದರೆ ಹೊಟ್ಟೆ ಹಿಂಡುತ್ತದೆ. ಆಮೆಯ ಮೊಟ್ಟೆಗಳನ್ನು ಭದ್ರ ಮಾಡದಿದ್ದರೆ ರಾತ್ರಿ ಪ್ರಾಣಿ ಬಂದು ತಿಂದುಹೋಗುತ್ತದೆ.

54 ದಿನಗಳ ಮೇಲೆ ಬ್ರಯನ್ ಪಾರಾಗುತ್ತಾನೆ. ಅಪ್ಪ ಅಮ್ಮ ಮತ್ತೆ ಒಂದಾಗುವುದಿಲ್ಲ. ಲೇಖಕರು ಆ ಸಿಹಿಯನ್ನೂ ಹಂಚಿಲ್ಲ. ಅವನ ತೂಕದಲ್ಲಿ ನೂರಕ್ಕೆ ಹದಿನೇಳು ಭಾಗ ಕರಗಿದೆ. ಊರಿಗೆ ಮರಳಿದ ಎಷ್ಟೋ ಕಾಲದ ಮೇಲೂ ಅವನು ದಿನಸಿ ಅಂಗಡಿಯಲ್ಲಿ ಸಾಲು ಸಾಲಾಗಿ ಜೋಡಿಸಿಟ್ಟ ಆಹಾರದ ಮುಂದೆ ಸುಮ್ಮನೆ ನಿಂತು ನೋಡುತ್ತಿರುತ್ತಾನೆ.