ಅಂಗಳದಲ್ಲಿ ಕವುಚಿ ಬಿದ್ದ ದೋಣಿ

ಮಾವ ತೀರಿಹೋದ ಮೇಲೆ ಅವರ ಫೈಬರ್ ನಾಡದೋಣಿ ನಾಲ್ಕು ಮಳೆಗಾಲ ನಮ್ಮ ಅಂಗಳದಲ್ಲಿ ಕವುಚಿ ಬಿದ್ದಿತ್ತು. ಕೋಳಿಗಳಿಗೆ ಅದೇ ಗೂಡು. ಮರದ್ದಾಗಿದ್ದರೆ ಒಲೆಗಾದರೂ ಆಗುತ್ತಿತ್ತು, ಇದನ್ನು ಉರಿಸಿದರೆ ಬರೀ ವಿಷದ ಹೊಗೆ. ಗಲ್ಫ್‌ನಲ್ಲಿ ಕೆಲಸ ಕಳೆದುಕೊಂಡು ಮೈದುನ ಊರಿಗೆ ಮರಳಿದಾಗ ಹೊಸ ದೋಣಿಗೆ ಹಣವಿರಲಿಲ್ಲ. ಬಡ್ಡಿ ಸಾಲ ಬೇಡವೆಂದು ಮಾಮಿ ಖಡಾಖಂಡಿತವಾಗಿ ಹೇಳಿಬಿಟ್ಟರು. ಉಳಿದದ್ದು ಇದೊಂದೇ.

ಫೈಬರ್ ಎಂದರೆ ಪ್ಲಾಸ್ಟಿಕ್ ಎಂದುಕೊಂಡವರೇ ಹೆಚ್ಚು. ಅದು ಗಾಜಿನ ಎಳೆಗಳ ಚಾಪೆ. ರೆಸಿನ್ ಎಂಬ ದ್ರವದಲ್ಲಿ ತೊಯ್ದು, ಪದರ ಪದರವಾಗಿ ಗಟ್ಟಿಯಾದದ್ದು. ಒಳಗೆ ಕೆಟ್ಟಿದ್ದರೆ ಹೊರಗೆ ಕಾಣುವುದಿಲ್ಲ, ಬಡಿದು ನೋಡಬೇಕು. ಗಟ್ಟಿ ಇದ್ದಲ್ಲಿ ‘ಟಣ್’, ಪದರ ಬಿಟ್ಟಲ್ಲಿ ‘ದಬ್’. ಹಲಸಿನಹಣ್ಣು ಬಡಿದು ನೋಡುವ ನಮ್ಮಂಥವರಿಗೆ ಈ ವಿದ್ಯೆಯೇನೂ ಹೊಸದಲ್ಲ! ಇಂಜಿನ್ ಕೂರಿಸುವ ಹಿಂಬದಿ ಪೂರ್ತಿ ‘ದಬ್’. ಒಳಗಿದ್ದ ಪ್ಲೈವುಡ್ ನೀರು ಕುಡಿದು ಕೊಳೆತಿತ್ತು. ಹಾಗೆಯೇ ಕಡಲಿಗಿಳಿದಿದ್ದರೆ ಇಂಜಿನ್ ಕಿತ್ತು ಬರುತ್ತಿತ್ತು.

ಮಳೆಗೆ ಮುಂಚೆ ಮುಗಿಯಬೇಕಿತ್ತು. ತೇವವಿದ್ದರೆ ಹೊಸ ಪದರ ಹಳೆಯದಕ್ಕೆ ಕಚ್ಚುವುದಿಲ್ಲ. ಕೆಟ್ಟ ಭಾಗವನ್ನು ಗ್ರೈಂಡರಿನಿಂದ ಉಜ್ಜುವಾಗ ಏಳುವ ಧೂಳು ಗಾಜಿನದೇ. ಮೈದುನ ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಹಾಕಿಕೊಂಡ. ಮಕ್ಕಳನ್ನು ಹಿತ್ತಿಲಿಗೆ ಅಟ್ಟಿ, ಒಣಹಾಕಿದ ಬಟ್ಟೆ ಒಳಗೆ ತಂದದ್ದು ನನ್ನ ಕೆಲಸ. ಆ ಧೂಳು ಬಟ್ಟೆಗೆ ಕೂತರೆ ಮನೆಮಂದಿಗೆಲ್ಲ ತುರಿಕೆ.

ನಾನು ಹಟ ಹಿಡಿದದ್ದು ಬಾಟಲಿಗಳ ವಿಷಯದಲ್ಲಿ. ರೆಸಿನ್ ಗಟ್ಟಿಯಾಗಲು ಕೋಬಾಲ್ಟ್ ಮತ್ತು ಹಾರ್ಡನರ್ ಎರಡೂ ಬೇಕು. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಬೆರೆಸಿ, ಆಮೇಲೆ ಹಾರ್ಡನರ್ ಹಾಕಬೇಕು. ಅವೆರಡನ್ನೇ ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ಹಾರ್ಡನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ಅಂಗಡಿಯವನು ಎರಡನ್ನೂ ಹೆಸರಿಲ್ಲದ ನೀರಿನ ಬಾಟಲಿಯಲ್ಲಿ ಕೊಟ್ಟಿದ್ದ! ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ಬೇಕೆ? ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿ, ಒಂದನ್ನು ಕೊಟ್ಟಿಗೆಯಲ್ಲಿ, ಇನ್ನೊಂದನ್ನು ಅಟ್ಟದಲ್ಲಿಟ್ಟೆ. ಕಿಲೋ ರೆಸಿನ್‌ಗೆ ಹತ್ತರಿಂದ ಇಪ್ಪತ್ತು ಮಿಲಿ ಹಾರ್ಡನರ್ ಸಾಕು, ಅದನ್ನು ಸಿರಿಂಜಿನಲ್ಲಿ ಅಳೆದು ಕೊಡುತ್ತಿದ್ದೆ. “ಅತ್ತಿಗೆ ಶಾಲೆಯಲ್ಲಿ ಕಲಿಸುವ ಹಾಗೆ ಇಲ್ಲೂ ಕಲಿಸ್ತಾರೆ” ಎಂದು ಮೈದುನ ನಗುತ್ತಿದ್ದ.

ಕಷ್ಟವಾದದ್ದು ಮೂತಿಯ ಹತ್ತಿರ. ಮಾವ ತಮ್ಮ ಕೈಯಾರೆ ಬರೆದಿದ್ದ ದೋಣಿಯ ಹೆಸರಿನ ನಡುವೆಯೇ ಬಿರುಕು. ಉಜ್ಜಿದರೆ ಅಕ್ಷರ ಹೋಗುತ್ತದೆ, ಬಿಟ್ಟರೆ ನೀರು ನುಗ್ಗುತ್ತದೆ. ಮೈದುನ ಎರಡು ದಿನ ಗ್ರೈಂಡರ್ ಮುಟ್ಟಲಿಲ್ಲ. ಮೂರನೇ ದಿನ ಮಾಮಿಯೇ ಅಂಗಳಕ್ಕಿಳಿದು ಆ ಅಕ್ಷರಗಳ ಮೇಲೆ ಕೈಯಾಡಿಸಿದರು. “ಉಜ್ಜು ಮಗನೇ. ಅವರ ಹೆಸರಿಗಿಂತ ನಿನ್ನ ಜೀವ ದೊಡ್ಡದು” ಎಂದು ಒಳಗೆ ಹೋದರು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದರೂ 10 ಎಚ್‌ಪಿವರೆಗಿನ ಇಂಜಿನ್ ಇರುವ ನಾಡದೋಣಿಗಳಿಗೆ ಅವಕಾಶವಿದೆ. ಕಡಲು ಸ್ವಲ್ಪ ಶಾಂತವಾದ ದಿನ ಮೈದುನ ಹೊರಟ. ಹೊಸ ಬಣ್ಣದ ಮೇಲೆ ಹಳೆಯ ಹೆಸರನ್ನು ನಾನೇ ಬರೆದಿದ್ದೆ. ಮಾಮಿಗೆ ಓದಲು ಬಾರದು. ಆದರೂ ಮೂರನೇ ಅಕ್ಷರಕ್ಕೆ ಬೆರಳಿಟ್ಟು, “ಅವರು ಇದನ್ನು ಇನ್ನೂ ಸ್ವಲ್ಪ ಓರೆ ಬರೆದಿದ್ದರು ಮಗಳೇ” ಎಂದರು.