ಹುಡುಕದೆಯೇ ಕೊಟ್ಟ ವರದಿ

ಬಾವಿ ನೀರಿನಲ್ಲಿ ಕಳೆ ಔಷಧಿ ಇಲ್ಲ ಅಂತ ನಾನೊಮ್ಮೆ ವರದಿ ಕೊಟ್ಟಿದ್ದೆ. ತೋಟಕ್ಕೆ ಹೊಡೆದಿದ್ದ ಔಷಧಿಯನ್ನು ಮಾತ್ರ ಹುಡುಕಿಯೇ ಇರಲಿಲ್ಲ.

ಆಗ ಕುರುಬರಹಳ್ಳಿಯ ಸಣ್ಣ ಲ್ಯಾಬೊಂದರಲ್ಲಿ ಕೆಲಸ. ಬೈರಮಂಗಲದ ಕಡೆ ತೋಟ ಮಾಡಿಕೊಂಡಿರುವ ದೊಡ್ಡಪ್ಪನ ಮಗ, ಶರಬತ್ತಿನ ಹಳೇ ಗಾಜಿನ ಬಾಟಲಿಯಲ್ಲಿ ನೀರು, ಕವರಿನಲ್ಲಿ ಒಂದೇ ತೆಂಗಿನ ಬುಡದ ಹಿಡಿ ಮಣ್ಣು ತಂದ. "ಕಳೆ ಔಷಧಿ ಹೊಡೆಸಿದ್ದೀನಿ ಕಣೋ. ಮಕ್ಕಳು ಇದೇ ನೀರು ಕುಡೀತವೆ, ಒಸಿ ನೋಡು" ಅಂದ.

ಎಂದಿನಂತೆ ಮಾದರಿಯನ್ನು ಅಸಿಟೋನೈಟ್ರೈಲ್ ಮತ್ತು ಉಪ್ಪಿನ ಜೊತೆ ಕುಲುಕಿ, ಮೇಲಿನ ಪದರ ತೆಗೆದು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ಹಾಕಿದೆ. ಅಟ್ರಜಿನ್, ಬ್ಯೂಟಾಕ್ಲೋರ್, ಯಾವುದೂ ಕಾಣಲಿಲ್ಲ. "ಅಣ್ಣ, ಏನೂ ಇಲ್ಲ, ಧೈರ್ಯವಾಗಿ ಕುಡೀರಿ" ಅಂದುಬಿಟ್ಟೆ.

ವರದಿ ನೋಡಿದ ಹಿರಿಯ ಸಹೋದ್ಯೋಗಿ ಕೇಳಿದ್ದು ಒಂದೇ ಮಾತು: "ಅವರು ಹೊಡೆಸಿದ್ದು ಯಾವುದು?" ಫೋನ್ ಮಾಡಿದರೆ, ಗ್ಲೈಫೋಸೇಟ್.

1974ರಿಂದ ಮಾರುಕಟ್ಟೆಯಲ್ಲಿರುವ ಈ ಔಷಧಿ ನೀರಿನಲ್ಲೇ ಉಳಿಯುತ್ತದೆ, ಅಸಿಟೋನೈಟ್ರೈಲ್‌ಗೆ ಬರುವುದಿಲ್ಲ. ಕಾಯಿಸಿದರೆ ಆವಿಯಾಗುವ ಮೊದಲೇ ಒಡೆಯುತ್ತದೆ. ಹಾಗಾಗಿ ನಾನು ಬಳಸಿದ ಯಂತ್ರಕ್ಕೆ ಅದು ಇದ್ದರೂ ಇಲ್ಲದ್ದೇ. ಗಾಜಿಗೂ ಅಂಟಿಕೊಳ್ಳುತ್ತದೆ. ಕುಡಿಯುವ ನೀರಿನ ನಮ್ಮ ಮಾನದಂಡ ಐಎಸ್ 10500ರ 2012ರ ಕೀಟನಾಶಕ ಪಟ್ಟಿಯಲ್ಲಿ ಅಟ್ರಜಿನ್‌ಗೆ ಲೀಟರಿಗೆ 2 ಮೈಕ್ರೋಗ್ರಾಂ ಮಿತಿಯಿದೆ, ಗ್ಲೈಫೋಸೇಟ್‌ನ ಹೆಸರೇ ಇಲ್ಲ. ಪಟ್ಟಿಯಲ್ಲಿರುವುದನ್ನಷ್ಟೇ ನೋಡಿ ನೀರೆಲ್ಲ ಶುದ್ಧ ಅಂದಿದ್ದೆ.

ಮತ್ತೆ ಮಾದರಿ ತರಲು ತೋಟಕ್ಕೆ ನಾನೇ ಹೋದೆ. ಅಲ್ಲಲ್ಲಿ ಹದಿನೈದು ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡೆ. ನೀರನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಐಸ್ ಪೆಟ್ಟಿಗೆಯಲ್ಲಿಟ್ಟೆ. ನಲ್ಲಿ ನೀರಾಗಿದ್ದರೆ ಕ್ಲೋರಿನ್ ಗ್ಲೈಫೋಸೇಟನ್ನು ಒಡೆಯದಂತೆ ಸೋಡಿಯಂ ಥಯೋಸಲ್ಫೇಟ್ ಬೆರೆಸಬೇಕಿತ್ತು. ದೊಡ್ಡ ಲ್ಯಾಬೊಂದರಲ್ಲಿ ಮಣ್ಣನ್ನು ಕ್ಷಾರದಲ್ಲಿ ತೊಳೆದು, ಎಫ್‌ಮಾಕ್ ಕ್ಲೋರೈಡ್ ಎಂಬ ರಾಸಾಯನಿಕ ಜೋಡಿಸಿ, ಎಲ್‌ಸಿ-ಎಂಎಸ್ ಯಂತ್ರದಲ್ಲಿ ಅಳೆದರು. ಮಣ್ಣಿನಲ್ಲಿ ಗ್ಲೈಫೋಸೇಟೂ ಇತ್ತು, ಅದು ಒಡೆದು ಹುಟ್ಟುವ ಆಂಪಾ ಕೂಡ ಇತ್ತು. ಜೇಡಿ, ಕಬ್ಬಿಣದ ಆಕ್ಸೈಡುಗಳು ಗ್ಲೈಫೋಸೇಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ನೀರಿನಲ್ಲಿ ಯಂತ್ರ ಅಳೆಯಬಲ್ಲ ಮಟ್ಟಕ್ಕಿಂತ ಕೆಳಗಿತ್ತು. ನೀರಿನ ಬಗ್ಗೆ ನಾನು ಹೇಳಿದ್ದು ಅದೃಷ್ಟಕ್ಕೆ ಸುಳ್ಳಾಗಲಿಲ್ಲ, ಅಷ್ಟೆ.

ಆಂಪಾ ಕಂಡಾಗ ಆತುರವೂ ಸಲ್ಲದು. ಕುರುಬರಹಳ್ಳಿಯ ರಾಜಕಾಲುವೆಯ ಕೊಳಚೆ ವೃಷಭಾವತಿ ನದಿ ಸೇರಿ ಬೈರಮಂಗಲ ಕೆರೆಗೆ ಇಳಿಯುತ್ತದೆ. ಅದರಲ್ಲಿರುವ ಡಿಟರ್ಜೆಂಟಿನ ಕೆಲವು ಫಾಸ್ಫೋನೇಟುಗಳು ಒಡೆದರೂ ಆಂಪಾ ಹುಟ್ಟುತ್ತದೆ. ಕೊಳಚೆ ಬೆರೆತ ನೀರಿನಲ್ಲಿ ಆಂಪಾ ಒಂದೇ ಸಿಕ್ಕರೆ ರೈತನ ಮೇಲೆ ಗೂಬೆ ಕೂರಿಸುವಂತಿಲ್ಲ.

ಅಳೆದ ಮೇಲೂ ಯಾವ ಮಿತಿಗೆ ಹೋಲಿಸುತ್ತೀರಿ ಅನ್ನುವುದು ಮುಖ್ಯ. ಕುಡಿಯುವ ನೀರಿನಲ್ಲಿ ಗ್ಲೈಫೋಸೇಟ್‌ಗೆ ಅಮೆರಿಕದ ಮಿತಿ ಲೀಟರಿಗೆ 700 ಮೈಕ್ರೋಗ್ರಾಂ, ಯುರೋಪಿನದು 0.1, ಅಂದರೆ ಒಂದು ಕೋಟಿ ಲೀಟರಿಗೆ ಒಂದು ಗ್ರಾಂ.

ನಿಮ್ಮ ಮಣ್ಣು, ನೀರನ್ನು ಲ್ಯಾಬಿಗೆ ಕೊಡುವಾಗ ಹೊಡೆದ ಔಷಧಿಯ ಹೆಸರನ್ನು ಡಬ್ಬಿ ನೋಡಿ ಬರೆದುಕೊಡಿ. ವರದಿ ಬಂದಾಗ ಯಾವ್ಯಾವುದನ್ನು ಹುಡುಕಿದಿರಿ, ಯಾವ ವಿಧಾನದಲ್ಲಿ, ಎಷ್ಟು ಸಣ್ಣ ಪ್ರಮಾಣದವರೆಗೆ ಅಂತ ಕೇಳಿ. ಈ ಮೂರಕ್ಕೆ ಉತ್ತರವಿಲ್ಲದ ವರದಿಯನ್ನು ನಂಬಬೇಡಿ.