ಸಂಕಟ ಎಂಬ ಮಾತು

ಬರೆಯುವ ಅಭ್ಯಾಸ ನನಗಿಲ್ಲ. ಯುಗಾದಿ ಊಟದ ದಿನ ಈ ವಿಷಯ ಹೇಳಿದ್ದೇ ತಪ್ಪಾಯಿತು, ಸಂಪಾದಕರು ಬಿಡಲಿಲ್ಲ. ಆದ್ದರಿಂದ ಈ ನಾಲ್ಕು ಮಾತು.

2018ರಲ್ಲಿ ನನ್ನ ಜೊತೆ ಕೆಲಸ ಮಾಡುವ ನರ್ಸೊಬ್ಬರು, ತಮ್ಮ ಚರ್ಚಿನ ವೈದ್ಯ ತಂಡದೊಡನೆ ಹತ್ತು ದಿನ ಗ್ವಾಟೆಮಾಲಾಕ್ಕೆ ಬರುತ್ತೀರಾ ಎಂದು ಕೇಳಿದರು. ಮತಪ್ರಚಾರವೇನೋ ಎಂಬ ಅಳುಕಿತ್ತು, ಆದರೂ ಒಪ್ಪಿದೆ. ಆರು ತಿಂಗಳು ಸ್ಪ್ಯಾನಿಷ್ ಕಲಿತೆ. ಇಂಗ್ಲಿಷಿನಲ್ಲಿ ತಲೆನೋವು 'ನನ್ನ ಬಳಿ ಇದೆ' ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ಕನ್ನಡದಂತೆಯೇ ತಲೆ 'ನನಗೆ' ನೋಯುತ್ತದೆ. ಅಬ್ಬ, ಇದು ನಮ್ಮ ನೆಂಟರ ಭಾಷೆ ಎಂದು ಬೀಗಿದೆ.

ಅತಿತ್ಲಾನ್ ಸರೋವರದ ದಡದ ಹಳ್ಳಿಯಲ್ಲಿ ಆ ಜಂಬ ಇಳಿಯಿತು. ಬಂದವರಲ್ಲಿ ಅನೇಕರಿಗೆ ಸ್ಪ್ಯಾನಿಷ್ಷೂ ಬಾರದು. ಆ ದೇಶದಲ್ಲಿ ಮಾಯಾ ಜನರ ಭಾಷೆಗಳೇ 22. ಆ ಹಳ್ಳಿಯದು ಕಕ್ಚಿಕೆಲ್.

ಒಬ್ಬ ಅಜ್ಜಿ ಹೊಟ್ಟೆಯ ಮೇಲೆ ಕೈಯಿಟ್ಟು ಎರಡು ನಿಮಿಷ ಮಾತಾಡಿದರು. ಊರಿನ ದುಭಾಷಿ ಹುಡುಗಿ ಸ್ಪ್ಯಾನಿಷ್‌ನಲ್ಲಿ ಹೇಳಿದ್ದು ಇಷ್ಟೇ: "ಹೊಟ್ಟೆ ನೋವಂತೆ."

ನನ್ನ ಪೆನ್ನು ನಿಂತಿತು. ಹಿಂದೆ ಅಮ್ಮ ನಮ್ಮಲ್ಲಿಗೆ ಬಂದಿದ್ದಾಗ ಡಾಕ್ಟರ ಮುಂದೆ, "ಏನೋ ಸಂಕಟ ಕಣೋ, ಹೇಳಕ್ಕಾಗಲ್ಲ" ಎಂದಿದ್ದಳು. ನಾನೂ ಅವರಿಗೆ ಹೊಟ್ಟೆ ನೋವು ಎಂದಷ್ಟೇ ಹೇಳಿದ್ದೆ. ಅಪ್ಪ ತೀರಿಕೊಂಡು ಆಗ ಒಂದು ವರ್ಷವೂ ಆಗಿರಲಿಲ್ಲ. ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಅಮ್ಮ ಮತ್ತೆ ಆ ಮಾತು ಎತ್ತಲೇ ಇಲ್ಲ.

"ಅಜ್ಜಿ ಹೇಳಿದ್ದನ್ನೆಲ್ಲಾ ಹೇಳಮ್ಮ" ಎಂದೆ. ಮಗ ಕೆಲಸ ಹುಡುಕಿಕೊಂಡು ಉತ್ತರದ ಕಡೆ ಹೋಗಿ ಎಂಟು ತಿಂಗಳಾಗಿತ್ತು. ಸುದ್ದಿಯೇ ಇಲ್ಲ. ಅಂದಿನಿಂದ ಊಟ ಸೇರದು, ನಿದ್ರೆ ಬಾರದು. ಹೊಟ್ಟೆಯ ಉರಿಗೆ ಮಾತ್ರೆ ಕೊಟ್ಟೆ. ಮಗನ ಚಿಂತೆಗೆ ನನ್ನ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ.

ಅವನಿಗಾಗಿ ಪ್ರಾರ್ಥನೆ ಮಾಡುತ್ತೀರಾ ಎಂದು ಅಜ್ಜಿಯೇ ಕೇಳಿದರು. ಅವರ ಪ್ರಾರ್ಥನೆ ನನಗೆ ಬಾರದು. ಅಮ್ಮ ಸಂಜೆ ದೀಪ ಹಚ್ಚುವಾಗ ಹೇಳುತ್ತಿದ್ದುದನ್ನೇ ಕಣ್ಣುಮುಚ್ಚಿ ಕನ್ನಡದಲ್ಲಿ ಹೇಳಿದೆ. ಅಮ್ಮ ಹೋದ ಮೇಲೆ ಅದು ನನ್ನ ಬಾಯಿಗೆ ಬಂದದ್ದು ಅಂದೇ. ನರ್ಸಮ್ಮ ಪಕ್ಕದಲ್ಲಿ ತಲೆತಗ್ಗಿಸಿ ನಿಂತಿದ್ದರು; ಯಾವ ದೇವರು ಎಂದು ಕೇಳಲಿಲ್ಲ. ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು "ಮತ್ಯೋಷ್" ಎಂದರು. ಅವರ ಭಾಷೆಯಲ್ಲಿ ಅದು ಉಪಕಾರ ಸ್ಮರಣೆ.

ಊರಿನಿಂದ ಬಂದ ಹಿರಿಯರನ್ನು ನೀವೂ ಆಸ್ಪತ್ರೆಗೆ ಕರೆದೊಯ್ಯುತ್ತೀರಿ. ಡಾಕ್ಟರು ಗಡಿಯಾರ ನೋಡಿದರೂ ಚಿಂತೆಯಿಲ್ಲ, ಅವರ ಮಾತನ್ನು ಪೂರ್ತಿ ಹೇಳಿ. ಬೇಕಾದರೆ ನನಗೆ ಫೋನ್ ಮಾಡಿ, ಜೊತೆಗೆ ಬರುತ್ತೇನೆ.